ನಾನು ಹೊಡೆದುಹಾಕಿದ ಸಾಲು

ನನ್ನ ಬೀಳ್ಕೊಡುಗೆಯ ದಿನ ನಾನು ಒಟ್ಟು ಹನ್ನೊಂದು ಜನರ ಹಾಗೆ ಮಾತಾಡಿ ತೋರಿಸಿದೆ. ನಾಲ್ವರು ಹೆಡ್ಮಾಸ್ಟರು, ಇಬ್ಬರು ಇನ್ಸ್‌ಪೆಕ್ಟರು, ಒಬ್ಬ ಜವಾನ, ಮೂವರು ಸಹೋದ್ಯೋಗಿಗಳು, ಕೊನೆಗೆ ನಾನು. ನನ್ನನ್ನು ನಾನೇ ಅಣಕಿಸಿಕೊಂಡಿದ್ದಕ್ಕೆ ಹೆಚ್ಚು ಚಪ್ಪಾಳೆ ಬಿತ್ತು. ಹಾರ ಹಾಕಿದವರು "ಸಾರ್ ಇನ್ನೂ ಹುಡುಗರೇ" ಅಂದರು. ಮಂಡಿ ಒಪ್ಪಲಿಲ್ಲ, ಬಾಯಿ ಒಪ್ಪಿಕೊಂಡಿತು.

ಆಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಟೀಚರಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ಪಕ್ಕಕ್ಕೆ ಬಂದು, "ಸಾರ್, ಎಲ್ಲರೂ ನಿಮ್ಮ ಹಳೇ ಶಾಲೆಯ ಆರಾಧ್ಯ ಮೇಷ್ಟ್ರ ದನಿ ಮಾಡಿ ಅಂತ ಅಷ್ಟು ಕೇಳಿದ್ರು. ಅವರೊಬ್ಬರನ್ನ ಯಾಕೆ ಬಿಟ್ಟಿರಿ?" ಎಂದಳು. ಉಪ್ಪಿಟ್ಟು ತಣ್ಣಗಾಗುವಷ್ಟು ಹೊತ್ತಿನಲ್ಲಿ ಹೇಳುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ. ಇದು ಅದರಲ್ಲಿಲ್ಲ.

ಎಂಬತ್ತರ ದಶಕ. ನನಗಾಗ ಮೀಸೆ ಸರಿಯಾಗಿ ಬಂದಿರಲಿಲ್ಲ, ಅಹಂಕಾರ ಬಂದಿತ್ತು. ಚನ್ನಪಟ್ಟಣ ತಾಲ್ಲೂಕಿನ ಒಂದು ಊರಿನ ಹೈಸ್ಕೂಲಿಗೆ ಹಾಕಿದರು. ಆದೇಶದಲ್ಲಿ ನನ್ನ ಹುದ್ದೆಯ ಹೆಸರು 'ಓದು-ಬರಹ ವಿಶೇಷ ಶಿಕ್ಷಕ'. ಏಳು ವರ್ಷ ಶಾಲೆಗೆ ಬಂದೂ ಓದಲು ಬಾರದ ಮಕ್ಕಳಿಗೆ ಓದು ಕಲಿಸುವುದು, ಜೊತೆಗೆ ವಿಜ್ಞಾನ, ಗಣಿತ, ಸಮಾಜದ ಮೇಷ್ಟ್ರುಗಳ ಪಕ್ಕ ನಿಂತು ಅವರ ಪಾಠ ಮಕ್ಕಳಿಗೆ ಅರ್ಥವಾಗುವ ಹಾಗೆ ಮಾಡುವುದು ನನ್ನ ಕೆಲಸ. ಆ ಆದೇಶ ಬರೆದವರು ಯಾವ ಮೇಷ್ಟ್ರ ಪಕ್ಕವೂ ನಿಂತವರಲ್ಲ ಎಂದು ಮೊದಲ ದಿನವೇ ಗೊತ್ತಾಯಿತು.

ಹೆಡ್ಮಾಸ್ಟರು ಆದೇಶವನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ನೀವು ಕನ್ನಡದವರಾ, ವಿಜ್ಞಾನದವರಾ?"

"ಎರಡೂ ಅಲ್ಲ ಸಾರ್. ಓದು-ಬರಹ."

"ಓದು ಬರಹ ಬುಟ್ರೆ ಸ್ಕೂಲಲ್ಲಿ ಇನ್ನೇನ್ರೀ ಐತೆ? ಹಂಗಾರೆ ಇಷ್ಟು ದಿನ ನಾವೆಲ್ಲ ಇಲ್ಲಿ ಕುರಿ ಕಾಯ್ತಿದ್ವಾ?"

ಊರಿನವರೇ ಕುರಿ ಬಿಟ್ಟು ರೇಷ್ಮೆ ಹುಳು ಹಿಡಿಯುತ್ತಿದ್ದ ಕಾಲ ಅದು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ರಾಮನಗರಕ್ಕೆ ಹೋಗುವ ಬಸ್ಸಿನ ಟಾಪಿನಲ್ಲಿ ಜನಕ್ಕಿಂತ ರೇಷ್ಮೆಗೂಡಿನ ಮೂಟೆ ಹೆಚ್ಚು. ಹುಳು ದೊಡ್ಡದಾಗಿ ಹೊತ್ತುಗೊತ್ತಿಲ್ಲದೆ ತಿನ್ನುವ ವಾರ ಬಂತೆಂದರೆ ಒಂಬತ್ತನೇ ಕ್ಲಾಸಿನಲ್ಲಿ ನಾನು, ಬೋರ್ಡು ಮತ್ತು ಕೈಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಹುಡುಗ, ಮೂವರೇ. ಅವನ ಕೈ ವಾಸಿಯಾದರೆ ಇಬ್ಬರೇ.

ಮೊದಲ ವಾರ ಆ ಕ್ಲಾಸಿನ ಮಕ್ಕಳಿಗೆ ವಿಜ್ಞಾನದ ಪಾಠ ಓದಿಸಿದೆ. ಒಬ್ಬೊಬ್ಬರೂ ನೀರು ಕುಡಿದ ಹಾಗೆ ಓದಿದರು. 'ಇವರಿಗೆ ನಾನು ಕಲಿಸುವುದೇನು, ನಾಳೆಯೇ ವರ್ಗ ಕೇಳೋಣ' ಅಂದುಕೊಂಡೆ. ಕೊನೆಯ ಬೆಂಚಿನ ನಿಂಗಮ್ಮನ ಸರದಿ ಬಂತು. ಕುರಿ ಸಾಕುವವರ ಮನೆಯ ಹುಡುಗಿ, ಎರಡು ಜಡೆ, ಹರಿದ ಪುಸ್ತಕ. ತಡೆಯಿಲ್ಲದೆ ಓದಿದಳು. ನಡುವೆ ಒಂದು ಸಲ ಕೆಮ್ಮಿದಳು.

ಅವಳಿಗಿಂತ ಮುಂಚೆ ಓದಿದ ಹುಡುಗನೂ ಅದೇ ಜಾಗದಲ್ಲಿ ಕೆಮ್ಮಿದ್ದ. ಅದೇ ಕೆಮ್ಮು, ಅದೇ ಸದ್ದು. ಅಣಕಿಸುವವನ ಕಿವಿಗೆ ಇದು ತಪ್ಪುವುದಿಲ್ಲ. ಪುಸ್ತಕದ ಬೇರೆ ಪುಟ ತೆಗೆದು ಒಂದು ಸಾಲು ತೋರಿಸಿದೆ. ನಿಂಗಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಇದ್ನ ಇನ್ನೂ ಯಾರೂ ಓದಿಲ್ವಲ್ಲ ಸಾ," ಎಂದಳು.

ಕೇಳಿದ್ದನ್ನು ಕೆಮ್ಮಿನ ಸಮೇತ ಹಿಡಿದು ಒಪ್ಪಿಸುತ್ತಾ ಒಂಬತ್ತನೇ ಕ್ಲಾಸಿಗೆ ಬಂದಿದ್ದಳು! ಒಂದಕ್ಷರ ಓದಲು ಬರುತ್ತಿರಲಿಲ್ಲ. ಉಳಿದವರಲ್ಲಿ ಅರ್ಧ ಜನದ ಕಥೆಯೂ ಅದೇ. ನಾನು ಊರೂರು ಅಣಕಿಸುತ್ತಾ ಬಂದವನು, ಇಲ್ಲಿ ಒಂದು ಕ್ಲಾಸಿಗೆ ಕ್ಲಾಸೇ ನನ್ನನ್ನು ಮೀರಿಸಿತ್ತು.

ಇದಕ್ಕೆಲ್ಲ ವಿಜ್ಞಾನದ ನಂಜುಂಡಾರಾಧ್ಯ ಮೇಷ್ಟ್ರೇ ಕಾರಣ ಎಂದು ತೀರ್ಮಾನಿಸಿದೆ. ಅವರು ನೋಟ್ಸ್ ಹೇಳಿ ಬರೆಸುವವರು. ತೆಳ್ಳನೆಯ ಮನುಷ್ಯ, ಹಣೆಗೆ ವಿಭೂತಿ, ಒಂದು ವಾಕ್ಯ ಮುಗಿದರೆ 'ಅನಂತರ...' ಎಂದು ಕಿಟಕಿಯ ಕಡೆ ನೋಡುವರು. ಒಂದು ದಿನ ಮಕ್ಕಳ ಮುಂದೆ ವಿಭೂತಿಯ ಬದಲು ಸೀಮೆಸುಣ್ಣ ಬಳಿದುಕೊಂಡು ಅವರ ಹಾಗೇ ನೋಟ್ಸ್ ಹೇಳಿದೆ. ನಗುತ್ತಿದ್ದ ಮಕ್ಕಳು ಇದ್ದಕ್ಕಿದ್ದ ಹಾಗೆ ಸುಮ್ಮನಾದರು. ನನ್ನ ಕಲೆಗೆ ಮನಸೋತರು ಅಂದುಕೊಂಡು ಇನ್ನೂ ಜೋರಾಗಿ ಮಾಡಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಆರಾಧ್ಯರು.

"ಚೆನ್ನಾಗಿದೆ," ಅಂದರು. "ಆದರೆ ಒಂದು ಕಡೆ ತಪ್ಪಿದಿರಿ. ನೀವು ಕಾಯಿಸಿ ಸೋಸಿ ಅಂದ್ರಿ. ನಾನು ಸೋಸಿ, ಅನಂತರ ಕಾಯಿಸಿ ಅಂತೀನಿ. ಹಿಂದೆಮುಂದೆ ಆದರೆ ಪ್ರಯೋಗ ಕೆಡುತ್ತೆ."

ಅಷ್ಟು ಹೇಳಿ ಹೋದರು. ನನಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಸಂಜೆ ಸ್ಟಾಫ್ ರೂಮಿನಲ್ಲಿ ಅವರು ಹಾಗೆ ಹೇಳಿದ್ದನ್ನೂ ಅಣಕಿಸಿದೆ.

ಐದು ತಿಂಗಳು ಮಧ್ಯಾಹ್ನದ ಬಿಡುವಿನಲ್ಲಿ ನಿಂಗಮ್ಮನಿಗೆ ಓದು ಕಲಿಸಿದೆ. ಅವಳು ನನಗೆ ಕುರಿ ಕರೆಯುವ ಕೂಗು ಕಲಿಸಿದಳು. ನಾನು ಕೂಗಿದರೆ ಕುರಿ ಬರುತ್ತಿರಲಿಲ್ಲ, ನಾಯಿ ಬರುತ್ತಿತ್ತು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಅವಳು ಬಸ್ಸಿನ ಬೋರ್ಡು, ಸೋಪಿನ ಕಾಗದ, ಗೋಡೆಯ ಮೇಲಿನ ಹಳೇ ಚುನಾವಣೆಯ ಬರಹ ಎಲ್ಲವನ್ನೂ ಕಂಡಕಂಡಲ್ಲಿ ನಿಂತು ಓದುತ್ತಿದ್ದಳು. ಅವರ ಮನೆಯಲ್ಲಿ ಓದಬಲ್ಲವಳು ಅವಳೊಬ್ಬಳೇ. ಆ ವರ್ಷವೇ ಅವಳಪ್ಪ ಬೋರಣ್ಣ ಅರ್ಧ ಮಂದೆ ಕುರಿ ಮಾರಿ ಹುಳುಮನೆ ಕಟ್ಟಿಸಿದ. ಮೊದಲ ಬೆಳೆಗೆ ಮೊಟ್ಟೆ ತಂದು, ಒಡೆದ ಮರಿಹುಳುಗಳನ್ನು ಸದ್ಯಕ್ಕೆ ಮನೆಯೊಳಗೇ ಇಟ್ಟುಕೊಂಡಿದ್ದರು.

ಆ ಸಲ ಊರಿನಲ್ಲಿ ಹುಳುಗಳಿಗೆ ರೋಗ ಕಾಣಿಸಿಕೊಂಡಿತು. ಹುಳುಮನೆಗೆ ಫಾರ್ಮಾಲಿನ್ ಹೊಡೆದು ಶುಚಿ ಮಾಡುವ ಕ್ರಮವನ್ನು ಮಕ್ಕಳ ಕೈಲಿ ಮನೆಮನೆಗೆ ಕಳಿಸೋಣ ಎಂದರು ಆರಾಧ್ಯರು. ಹೆಡ್ಮಾಸ್ಟರಿಗೆ ಖುಷಿಯೋ ಖುಷಿ. "ವಿಷಯ ಅವರ್ದು, ಭಾಷೆ ನಿಮ್ದು. ಜೊತೇಲಿ ಮಾಡಿ, ಇನ್ಸ್‌ಪೆಕ್ಟರಿಗೆ ತೋರಿಸ್ಬೋದು."

ಆರಾಧ್ಯರು ಬರೆದುಕೊಟ್ಟಿದ್ದು ಇಪ್ಪತ್ತೊಂದು ಸಾಲು.

"ಸಾರ್, ಇದು ಹಾಳೆಯೋ ಸಹಸ್ರನಾಮವೋ?" ಎಂದೆ.

"ಉದ್ದ ಇದೆ, ಒಪ್ತೀನಿ. ಆದ್ರೆ ಒಂದೊಂದು ಸಾಲಿಗೂ ಒಂದೊಂದು ಕೆಲಸ ಇದೆ."

"ಬಾಗಿಲು ಎರಡು ಸಲ ಬಂದಿದೆಯಲ್ಲ?"

"ಒಂದು ಮುಚ್ಚೋ ಬಾಗಿಲು. ಇನ್ನೊಂದು ತೆಗೆಯೋ ಬಾಗಿಲು."

"ಮುಚ್ಚಿದ ಮೇಲೆ ತೆಗೀದೆ ಇನ್ನೇನು ಸಾರ್, ಗೋಡೆ ಕಟ್ತಾರಾ?"

ಸ್ಟಾಫ್ ರೂಮು ಬಿದ್ದುಬಿದ್ದು ನಕ್ಕಿತು. ಆರಾಧ್ಯರೂ ಸ್ವಲ್ಪ ನಕ್ಕರು. "ನೀವು ಹಗುರ ಮಾಡಿ. ಅಚ್ಚಿಗೆ ಹಾಕೋ ಮುಂಚೆ ನನಗೊಂದು ಸಲ ತೋರಿಸಿ," ಎಂದರು. ಮಾರನೇ ದಿನ ತರಬೇತಿ ಅಂತ ಮಾಗಡಿಗೆ ಹೋದರು. ವಾಪಸು ಬರುವುದು ಸೋಮವಾರ.

ಹಗುರ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇಪ್ಪತ್ತೊಂದು ಸಾಲು ಒಂಬತ್ತಾಯಿತು. ಒಂದು ಪಾಲು ಫಾರ್ಮಾಲಿನ್‌ಗೆ ಹದಿನೇಳು ಪಾಲು ನೀರು ಎಂಬುದನ್ನು ಉಳಿಸಿಕೊಂಡೆ. ಅಂಕಿ ಇದ್ದರೆ ವಿಜ್ಞಾನದ ಹಾಗೆ ಕಾಣುತ್ತದೆ ನೋಡಿ! ಹೊಡೆದುಹಾಕಿದ್ದರಲ್ಲಿ ಇದೂ ಒಂದು: 'ಅನಂತರ ಬಾಗಿಲು ಕಿಟಕಿಗಳನ್ನು ತೆರೆದು ಇನ್ನೂ ಒಂದು ದಿನ ಗಾಳಿಯಾಡಲು ಬಿಡಬೇಕು, ವಾಸನೆ ಪೂರ್ತಿ ಹೋಗುವ ತನಕ ಹುಳುವನ್ನು ಒಳಗೆ ತರಕೂಡದು.' ಅದರ ಜಾಗದಲ್ಲಿ ಮಕ್ಕಳ ಬಾಯಲ್ಲಿ ನಿಲ್ಲಲಿ ಅಂತ ಒಂದು ಪದ ಕಟ್ಟಿದೆ:

*ಮದ್ದು ಹೊಡಿ, ಬಾಗಿಲು ಜಡಿ,*
*ಮಾರನೇ ದಿನ ಹುಳು ಬಿಡಿ!*

ತೋರಿಸಿ ಅಂದಿದ್ದರು. ಸೋಮವಾರದ ತನಕ ಕಾದರೆ ಹುಳು ದೊಡ್ಡವಾಗಿಬಿಡುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ನನ್ನ ಪ್ರಾಸ ನನಗೆ ಅಷ್ಟು ಹಿಡಿಸಿಬಿಟ್ಟಿತ್ತು. ಚನ್ನಪಟ್ಟಣದಲ್ಲಿ ಸೈಕ್ಲೋಸ್ಟೈಲ್ ಮಾಡಿಸಿ ಶುಕ್ರವಾರ ಹಂಚಿದೆ. ಹಾಳೆಗೆ ತೂಕ ಬರಲಿ ಅಂತ ಕೆಳಗೆ ಬರೆದಿದ್ದು ಅವರೊಬ್ಬರ ಹೆಸರು: 'ನಂಜುಂಡಾರಾಧ್ಯ, ವಿಜ್ಞಾನ ಶಿಕ್ಷಕರು'. ಆ ಸಂಜೆ ಮಕ್ಕಳು ನನ್ನ ಪದ ಹಾಡುತ್ತಾ ಮನೆಗೆ ಹೋದರು. ನಾನು ಗೇಟಿನ ಹತ್ತಿರ ನಿಂತು ಕೇಳಿಸಿಕೊಂಡೆ.

ಸೋಮವಾರ ಪ್ರಾರ್ಥನೆ ಮುಗಿಯುತ್ತಿತ್ತು. ಬೋರಣ್ಣ ತಲೆಯ ಮೇಲೆ ಹುಳುವಿನ ತಟ್ಟೆ ಹೊತ್ತು ಗೇಟಿನೊಳಗೆ ಬಂದ. ತಟ್ಟೆಯ ಮೇಲೆ ಅವನ ಟವೆಲ್ಲು ಹೊದಿಸಿತ್ತು. ಹಿಂದೆ ನಿಂಗಮ್ಮ, ಕಣ್ಣು ಕೆಂಪಗೆ ಊದಿತ್ತು. ಹೊಸ ಬೆಳೆಯ ಖುಷಿಗೆ ಏನೋ ತಂದಿದ್ದಾನೆ ಅಂದುಕೊಂಡು ಹೆಡ್ಮಾಸ್ಟರು ನಗುತ್ತಾ ಎದುರು ಹೋದರು. ಬೋರಣ್ಣ ತಟ್ಟೆಯನ್ನು ಅವರ ಕಾಲ ಬಳಿ ಇಟ್ಟು ಟವೆಲ್ಲು ತೆಗೆದ.

ಹುಳುಗಳೆಲ್ಲ ಸೊಪ್ಪಿನ ಮೇಲೇ ಸತ್ತಿದ್ದವು. ಒಂದೂ ತಲೆ ಎತ್ತಿರಲಿಲ್ಲ. ಸೊಪ್ಪು ಇನ್ನೂ ಹಸಿರಾಗಿತ್ತು, ಯಾವುದೂ ಕಚ್ಚಿರಲಿಲ್ಲ.

"ಇನ್ನೂ ಮೂವತ್ತು ತಟ್ಟೆ ಮನೇಲವೆ," ಎಂದ ಬೋರಣ್ಣ. ಕೂಗಾಡಿದ್ದರೆ ವಾಸಿಯಾಗಿತ್ತು. ತಣ್ಣಗೆ ಹೇಳಿದ. "ಹಾಳೇಲಿ ಇದ್ದಂಗೇ ಮಾಡ್ದೊ ಸಾಮಿ. ಶನಿವಾರ ಮದ್ದು ಹೊಡುದು ಬಾಗ್ಲು ಜಡುದ್ವಿ. ಭಾನುವಾರ ಹುಳ ಬುಟ್ವಿ. ಇದ್ನ ಬರ್ದೋರು ಯಾರು ಅಂತ ಒಸಿ ನೋಡನ ಅಂತ ಬಂದೆ."

ಹೆಡ್ಮಾಸ್ಟರು ನಿಂಗಮ್ಮನ ಕೈಯಿಂದ ಹಾಳೆ ತೆಗೆದುಕೊಂಡು, ಕೆಳಗಿನ ಹೆಸರು ನೋಡಿ, ಆರಾಧ್ಯರ ಕೈಗೆ ಕೊಟ್ಟರು. ಆರಾಧ್ಯರು ಆ ಬೆಳಿಗ್ಗೆಯಷ್ಟೇ ಮಾಗಡಿಯಿಂದ ಬಂದಿಳಿದಿದ್ದರು, ಚೀಲ ಇನ್ನೂ ಹೆಗಲಲ್ಲೇ ಇತ್ತು. ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ನನ್ನ ಪದದ ಹತ್ತಿರ ಅವರ ಕಣ್ಣು ನಿಂತಿತು. ಇಲ್ಲದ ಸಾಲನ್ನು ಹುಡುಕಿದ್ದು ನನಗೆ ಕಂಡಿತು. ಒಂದು ಸಲ ನನ್ನ ಕಡೆ ನೋಡಿದರು.

"ನಾನೇ," ಎಂದರು.

ಅಷ್ಟು ಮಕ್ಕಳ ಮುಂದೆ, ಅಷ್ಟು ಮೇಷ್ಟ್ರುಗಳ ಮುಂದೆ. ನಾನು ಬಾಯಿ ತೆರೆದೆ. ಹತ್ತಾರು ಜನರ ದನಿ ಇಟ್ಟುಕೊಂಡಿದ್ದ ಬಾಯಿ ಅದು, ಅವತ್ತು ನನ್ನದೇ ಒಂದು ದನಿ ಹೊರಡಲಿಲ್ಲ. ಬೋರಣ್ಣ ಅವರನ್ನು ಮೇಲಿಂದ ಕೆಳಕ್ಕೆ ನೋಡಿ, ತಟ್ಟೆಯನ್ನು ಅಲ್ಲೇ ಬಿಟ್ಟು, ಮಗಳ ಕೈ ಹಿಡಿದುಕೊಂಡು ಹೊರಟುಹೋದ.

ಮಧ್ಯಾಹ್ನ ಆರಾಧ್ಯರು ಸೈಕಲ್ ತೆಗೆದು, "ಹತ್ತಿ," ಎಂದರು. ಕ್ಯಾರಿಯರ್ ಮೇಲೆ ಕೂತೆ. ದಾರಿಯುದ್ದಕ್ಕೂ ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಊರ ಹೊರಗೆ ಬಂದ ಮೇಲೆ ಮಾತ್ರ, "ಬೇರೆ ಯಾರ ಮನೇಲೂ ಹೀಗಾಗಿಲ್ಲ, ವಿಚಾರಿಸಿದೆ. ಹಳಬರೆಲ್ಲ ಹಾಳೇನ ತಟ್ಟೆಗೆ ಹಾಸ್ಕೊಂಡು ಅವರ ರೂಢಿಯಂತೆ ಮಾಡಿದಾರೆ," ಎಂದರು.

ಅದನ್ನು ಕೇಳಿ ನನಗೆ ಇನ್ನೊಂದು ಏಟು ಬಿದ್ದ ಹಾಗಾಯಿತು. ಇಡೀ ಊರಿನಲ್ಲಿ ನನ್ನ ಹಾಳೆಯನ್ನು ಓದಿ, ನಂಬಿ, ಅದರಂತೆ ನಡೆದ ಮನೆ ಒಂದೇ. ನಾನು ಓದು ಕಲಿಸಿದ ಹುಡುಗಿಯ ಮನೆ.

ಹುಳುಮನೆಯ ಬಾಗಿಲು ತೆರೆದಿತ್ತು. ಹತ್ತಿರ ಹೋದರೆ ಈಗಲೂ ಕಣ್ಣುರಿ. ನಿಂಗಮ್ಮ ತಟ್ಟೆಗಳನ್ನು ಗುಂಡಿಗೆ ಒದರುತ್ತಿದ್ದಳು. ಅವಳಜ್ಜಿ ಕಾಳಮ್ಮ ಜಗಲಿಯಲ್ಲಿ ಕೂತು ನಮ್ಮನ್ನು ನೋಡಿದರೂ ಕೂರಿ ಅನ್ನಲಿಲ್ಲ.

"ಹಾಳೆ ಬರೆದಿದ್ದು ಇವರಲ್ಲ ಬೋರಣ್ಣ, ನಾನು," ಎಂದೆ. "ಇವರು ಬರೆದಿದ್ದ ಸಾಲನ್ನ ನಾನೇ ಹೊಡೆದುಹಾಕಿದೆ. ಇವರಿಗೆ ತೋರಿಸಲೂ ಇಲ್ಲ."

ಬೋರಣ್ಣನಿಗೆ ಆಶ್ಚರ್ಯವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. "ಬರ್ದೋರು ಯಾರಾರ ಆಗ್ಲಿ ಮೇಷ್ಟ್ರೆ. ಓದಿದ್ದು ನನ್ ಮಗ್ಳು. ಇವ್ಳಿಗೆ ಓದಕ್ ಬರ್ದೇ ಇದ್ದಿದ್ರೆ ನಾನು ಪಕ್ಕದ ಮನೆಯೋರ್ನ ಕೇಳ್ಕಂಡ್ ಮಾಡ್ತಿದ್ದೆ. ಹುಳ ಬದುಕಿರವು. ಸಾಕು, ಇನ್ ಇಸ್ಕೂಲ್ಗೆ ಕಳ್ಸಕ್ಕಿಲ್ಲ."

ಕಾಳಮ್ಮ ಎದ್ದುಬಂದಳು. "ಕಣ್ ಉರೀತದೆ ಕಣ್ರವ್ವ, ವಾಸ್ನೆ ಹೋಗಿಲ್ಲ, ಇವತ್ ಬುಡ್ಬೇಡಿ ಅಂತ ಬಡ್ಕಂಡೆ. ಈ ಮುಂಡೇದು, 'ಹಾಳೇಲಿ ಹಂಗೆ ಬರ್ದಿಲ್ಲ ಕಣಜ್ಜಿ, ನಿಂಗೇನ್ ಗೊತ್ತು' ಅಂದ್ಬುಡ್ತು. ಇವ್ಳಿಗೂ ಕಣ್ಣಲ್ ನೀರು ಸುರೀತಿತ್ತು. ಒರೆಸ್ಕಂಡು ಒರೆಸ್ಕಂಡು ಹುಳ ಬುಟ್ಳು."

ನಿಂಗಮ್ಮ ಇನ್ನೊಂದು ತಟ್ಟೆ ಒದರಿದಳು. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಕಣ್ಣುರಿಗಿಂತ ಹಾಳೆ ದೊಡ್ಡದು ಎಂದು ಆ ಮಗುವಿಗೆ ಯಾರು ಕಲಿಸಿದ್ದು? ನಾನೇ. ಐದು ತಿಂಗಳು, ದಿನಾ ಮಧ್ಯಾಹ್ನ, 'ಬರೆದದ್ದು ಸುಳ್ಳಾಗಲ್ಲ ಕಣವ್ವ' ಎಂದು ಹುರಿದುಂಬಿಸಿ.

ಆರಾಧ್ಯರು ಬೋರಣ್ಣನ ಜೊತೆ ಮೆತ್ತಗೆ ಮಾತಾಡಿದರು. "ಇನ್ನೊಂದು ಬೆಳೆ ಇಡಿ. ಮದ್ದು ಹೊಡೆಯೋದರಿಂದ ಹಿಡಿದು ನಾವಿಬ್ಬರೂ ದಿನಾ ಬರ್ತೀವಿ. ಹುಳು ಹಣ್ಣಾಗಿ ಗೂಡು ಕಟ್ಟೋಕೆ ಚಂದ್ರಿಕೆ ಹತ್ತಿದ ದಿನ ಮಗಳನ್ನ ಶಾಲೆಗೆ ಕಳಿಸಿ."

"ಹತ್ನಿಲ್ಲ ಅಂದ್ರೆ?"

"ಹತ್ತದಿದ್ದರೆ ಕೇಳೋಕೆ ನಾವು ಬರಲ್ಲ."

ಮೂರನೇ ವಾರ ಬೋರಣ್ಣ ಮೊಟ್ಟೆ ತಂದ.

ಈ ಸಲದ ಹಾಳೆಯನ್ನು ನಾನು ಬರೆಯಲಿಲ್ಲ. ಜಗಲಿಯಲ್ಲಿ ಆರಾಧ್ಯರು ಒಂದೊಂದೇ ಹೇಳಿದರು, ನಿಂಗಮ್ಮ ಬರೆದಳು. ಬರೆಯುವಾಗ ಅವಳು ಸುಮ್ಮನಿರಲಿಲ್ಲ. "ಬಾಗ್ಲು ತೆಗ್ದ್ ಮೇಲೆ ಎಷ್ಟೊತ್ತು ಸಾ?" "ಒಂದು ದಿನ." "ಒಂದ್ ದಿನಕ್ಕೆ ವಾಸ್ನೆ ಪೂರ್ತಿ ಹೋಯ್ತು ಅಂತ ಹೆಂಗ್ ಗೊತ್ತಾಯ್ತದೆ?" ಆ ಪ್ರಶ್ನೆಗೆ ಉತ್ತರ ಆರಾಧ್ಯರ ಇಪ್ಪತ್ತೊಂದು ಸಾಲಿನಲ್ಲೂ ಇರಲಿಲ್ಲ, ನನ್ನ ಒಂಬತ್ತರಲ್ಲಂತೂ ಇರುವ ಮಾತೇ ಇಲ್ಲ. ನಿಂಗಮ್ಮ ಅಜ್ಜಿಯ ಕಡೆ ನೋಡಿದಳು. ಆಮೇಲೆ ತಾನೇ ಬರೆದಳು: 'ಮೊದಲು ಅಜ್ಜಿಯನ್ನು ಒಳಗೆ ಕಳಿಸಿ. ಅಜ್ಜಿಗೆ ಕಣ್ಣುರಿ ಬಂದರೆ ಹುಳು ಬಿಡಬೇಡಿ.'

ನನ್ನ ಕೈ ಅಭ್ಯಾಸಬಲದಿಂದ ಕೆಂಪು ಪೆನ್ನಿಗೆ ಹೋಯಿತು. ಎಲ್ಲರ ಮನೆಯಲ್ಲೂ ಅಜ್ಜಿ ಇರುತ್ತಾರಾ ಎಂದು ಕೇಳುವವನಿದ್ದೆ. ಆರಾಧ್ಯರು ನನ್ನ ಕೈ ಹಿಡಿದರು. "ಆ ಸಾಲು ಇರಲಿ."

ಅಲ್ಲಿಂದ ಮುಂದೆ ದಿನಾ ಶಾಲೆ ಬಿಟ್ಟ ಮೇಲೆ ನಾವು ಅಲ್ಲಿ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಂಕಾಗಿ ಕೂರುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ಮೊದಲ ಸಲ ಹುಳು ಹಾಗೆ ಕೂತಾಗ ಮತ್ತೆ ಎಲ್ಲ ಸತ್ತವು ಅಂದುಕೊಂಡು ನಾನು ಹೊರಗೆ ಓಡಿ ಬಂದೆ. ಕಾಳಮ್ಮ ಅವತ್ತೇ ಮೊದಲು ನಕ್ಕಿದ್ದು. ಸೊಪ್ಪು ಹೆಚ್ಚಲು ಕೂತು ಬೆರಳು ಕುಯ್ದುಕೊಂಡೆ. "ಈ ಮೇಷ್ಟ್ರಿಗೆ ಸೊಪ್ ಕತ್ತರ್ಸಕ್ ಬರಕ್ಕಿಲ್ಲ ಕಣ್ಲಾ ಬೋರ. ಹಾಳೆ ಮಾತ್ರ ಚೆನ್ನಾಗಿ ಕತ್ತರಿಸ್ತಾನೆ," ಎಂದಳು. ನನ್ನ ವೃತ್ತಿಯಲ್ಲಿ ಎಷ್ಟೋ ಇನ್ಸ್‌ಪೆಕ್ಟರು ಎಷ್ಟೋ ರಿಪೋರ್ಟು ಬರೆದರು. ಇಷ್ಟು ಸರಿಯಾಗಿ ಯಾರೂ ಬರೆಯಲಿಲ್ಲ.

ನಾಲ್ಕು ಜ್ವರ ಕಳೆದವು. ಒಂದು ಬೆಳಿಗ್ಗೆ ಹುಳುಗಳ ಮೈ ಹಳದಿಗೆ ತಿರುಗಿ ಹಣ್ಣಾಗಿದ್ದವು. ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಅಲ್ಲಿ ತಲೆ ಆಡಿಸಿ ನೂಲು ಎಳೆಯಲು ಶುರುಮಾಡಿದವು. ಬೋರಣ್ಣ ನೋಡುತ್ತಾ ನಿಂತಿದ್ದ. ಒಳಗೆ ತಿರುಗಿ, "ಲೇ ನಿಂಗಿ, ಇಸ್ಕೂಲ್ ಚೀಲ ಎಲ್ಲಿಟ್ಟಿದ್ದೀಯ?" ಎಂದು ಕೂಗಿದ.

ಆಮೇಲಿನ ವರ್ಷಗಳಲ್ಲಿ ಮಾಗಡಿ, ಕನಕಪುರ ಅಂತ ಹಲವು ಶಾಲೆ ಸುತ್ತಿದೆ. ಒಂದು ರೂಢಿ ಮಾತ್ರ ಬಿಡಲಿಲ್ಲ. ನಾನು ಹಗುರ ಮಾಡಿದ್ದನ್ನು ಆ ವಿಷಯದ ಮೇಷ್ಟ್ರ ಎದುರು ಜೋರಾಗಿ ಓದುವುದು, ಒಂದು ಸಾಲು ತೆಗೆದರೆ ಯಾಕೆ ತೆಗೆದೆ ಅಂತ ಅವರಿಗೆ ಹೇಳುವುದು, ಕೊನೆಗೆ ಅದರಂತೆ ಕೆಲಸ ಮಾಡಬೇಕಾದವರ ಕೈಯಲ್ಲೂ ಓದಿಸುವುದು. ಎಷ್ಟೋ ಮೇಷ್ಟ್ರುಗಳು ಇದನ್ನು ಅಣಕಿಸಿದರು, ಚೆನ್ನಾಗಿಯೇ ಅಣಕಿಸಿದರು. ಆರಾಧ್ಯರನ್ನು ಮಾತ್ರ ನಾನು ಆಮೇಲೆ ಅಣಕಿಸಿಲ್ಲ. ಬೇರೆಯವರ ಮಾತು ಹೇಗೋ ಬಂದುಬಿಡುತ್ತದೆ. ಆ ತಟ್ಟೆಯ ಮುಂದೆ ಅವರಂದ 'ನಾನೇ' ಎಂಬುದನ್ನು ಒಬ್ಬನೇ ಇದ್ದಾಗ ಎಷ್ಟೋ ಸಲ ಹೇಳಿ ನೋಡಿದ್ದೇನೆ. ಬರುವುದಿಲ್ಲ.

ನಿಂಗಮ್ಮ ಶಾಲೆಗೆ ಮರಳಿದ ದಿನದ ವಿಷಯ ಹೇಳಿ ಮುಗಿಸುತ್ತೇನೆ. ಅವಳು ತಪ್ಪಿಸಿಕೊಂಡಿದ್ದ ಪಾಠಗಳನ್ನೆಲ್ಲ ಸುಲಭ ಮಾಡಿ, ಒಂದೇ ಹಾಳೆಯಲ್ಲಿ ಅಂದವಾಗಿ ಬರೆದು ಇಟ್ಟುಕೊಂಡಿದ್ದೆ. ತಪ್ಪು ತಿದ್ದಿಕೊಳ್ಳುವ ಆತುರ. ಮಧ್ಯಾಹ್ನದ ಬಿಡುವಿನಲ್ಲಿ ಕೊಟ್ಟೆ. ಮೊದಲಾಗಿದ್ದರೆ ಅಲ್ಲೇ ನಿಂತು ಗಟ್ಟಿಯಾಗಿ ಓದಲು ಶುರುಮಾಡುತ್ತಿದ್ದಳು. ಈಗ ಹಾಳೆಯನ್ನು ತಿರುಗಿಸಿ ಕೆಳಗಡೆ ನೋಡಿದಳು.

"ಇದ್ನ ಆರಾಧ್ಯ ಮೇಷ್ಟ್ರು ನೋಡವ್ರಾ ಸಾ?"

"ಇಲ್ಲ ಕಣವ್ವ," ಎಂದೆ.

ಹಾಳೆಯನ್ನು ಮಡಿಸಿ ನನ್ನ ಕೈಗೇ ವಾಪಸು ಕೊಟ್ಟಳು. "ಹಂಗಾರೆ ತೋರಿಸ್ಕಂಡ್ ಬನ್ನಿ ಸಾ. ನಾನು ಇಲ್ಲೇ ಕೂತಿರ್ತೀನಿ."

ನಾನು ಹಾಳೆ ಹಿಡಿದುಕೊಂಡು ಆರಾಧ್ಯರ ಕ್ಲಾಸಿನ ಬಾಗಿಲಿಗೆ ಹೋಗಿ ನಿಂತೆ.